ಫಕೀರವ್ವನ ಅಂಗಳದ ಜಮಖಾನ

ನಾನು ಒಂದು ಜಮಖಾನ. ನವಲಗುಂದದ ಇಕ್ಕಟ್ಟಾದ ಒಂದು ಒಳಕೋಣೆಯಲ್ಲಿ, ನಿಲುವು ಮಗ್ಗದ ಮೇಲೆ, ಹುಸೇನಬಿ ಎಂಬಾಕೆ ನನ್ನನ್ನು ನೇಯ್ದಳು. ಕೆಂಪು, ಹಳದಿ, ಕಪ್ಪು ನೂಲು. ನಡುವೆ ಪಗಡೆಯ ಹಾಸು, ಅಂಚಿಗೆ ನವಿಲು. ಮಗ್ಗದಿಂದ ಬಿಡಿಸಿದ ದಿನ ಅವಳು ನನ್ನ ಮೇಲೆ ಕಾಲು ಚಾಚಿ ಕುಳಿತು ಒಂದು ಲೋಟ ಚಹಾ ಕುಡಿದಳು. ನಮ್ಮಿಬ್ಬರ ನಂಟು ಅಷ್ಟೇ.

ನನ್ನನ್ನು ಕೊಂಡವರು ಮದುವೆ ಮನೆಯವರು. ಮದುಮಗಳು ದ್ಯಾಮವ್ವನಿಗೆ ಹನ್ನೆರಡು ವರ್ಷ. ಅಕ್ಷತೆ ಬೀಳುವ ಹೊತ್ತಿಗೆ ತೂಕಡಿಸಿ ನನ್ನ ಮೇಲೆ ವಾಲಿದವಳನ್ನು ಯಾರೋ ತೋಳು ಹಿಡಿದು ಎಬ್ಬಿಸಿದರು. ಹದಿನೈದಕ್ಕೆ ಮೊದಲ ಹೆರಿಗೆ. ಮೂರು ದಿನ ನೋವು ತಿಂದಳು, ಕೂಸು ಉಳಿಯಲಿಲ್ಲ. ಆಮೇಲೆ ಒಬ್ಬ ಮಗ ಹುಟ್ಟಿ ದೊಡ್ಡವನಾದ. ಊರಲ್ಲಿ ಅಂಗನವಾಡಿ ತೆರೆದಾಗ ದ್ಯಾಮವ್ವ ಅಲ್ಲಿ ಸಹಾಯಕಿಯಾಗಿ ಸೇರಿದಳು. ಮಕ್ಕಳನ್ನು ಕೂರಿಸಲು ಹಾಸು ಇರಲಿಲ್ಲವೆಂದು ನನ್ನನ್ನು ಮನೆಯಿಂದ ಹೊತ್ತು ತಂದಳು.

ಒಂದು ಬೇಸಿಗೆಯಲ್ಲಿ ಫಕೀರವ್ವನ ಮೊಮ್ಮಗಳು ಸಾವಂತ್ರಿಗೆ ಮದುವೆ ಗೊತ್ತಾಯಿತು. ಹುಡುಗಿಗೆ ಹದಿಮೂರು. ಫಕೀರವ್ವ ಆ ಓಣಿಗೆಲ್ಲ ಹಿರಿಯಳು, ಅವಳ ಮಾತು ಮೀರುವವರಿರಲಿಲ್ಲ. ದ್ಯಾಮವ್ವ ಹಿಂದುಮುಂದು ನೋಡದೆ ಪೊಲೀಸರಿಗೆ ತಿಳಿಸಿದಳು. ಜೀಪು ಬಂತು, ಹಂದರ ಕಿತ್ತರು, ಬೀಗರು ತಿರುಗಿ ಹೋದರು. ದ್ಯಾಮವ್ವ ಗೆದ್ದೆ ಅಂದುಕೊಂಡಳು. ಎಂಟನೆಯ ದಿನ ಬೇರೊಂದು ಊರಿನ ಗುಡಿಯಲ್ಲಿ ಸದ್ದಿಲ್ಲದೆ ಆ ಮದುವೆ ಆಗಿಹೋಯಿತು. ಓಣಿಯವರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೇ ನಿಲ್ಲಿಸಿದರು. ಎರಡು ತಿಂಗಳು ನನ್ನ ಮೇಲೆ ಧೂಳು ಬಿಟ್ಟರೆ ಯಾರೂ ಕೂರಲಿಲ್ಲ.

ಒಂದು ಸಂಜೆ ದ್ಯಾಮವ್ವ ನನ್ನ ಅಂಚಿಗೆ ಕುಳಿತು, ಕರೆದೊಯ್ಯಲು ಬಂದ ಗಂಡನ ಮುಂದೆ ಹೇಳಿಕೊಂಡಳು, "ಪೊಲೀಸರು ಹಂದರ ಕಿತ್ತರು. ಊರು ನನ್ನ ಕಿತ್ತೊಗೀತು. ಆ ಹುಡುಗಿಗೆ ಏನೂ ಉಪಯೋಗ ಆಗಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಊರಿಗೆ ಶಾಪ ಹಾಕಿ ಸುಮ್ಮನಾಗುತ್ತಿದ್ದರು. ಅವಳು ಒಂದು ಮಧ್ಯಾಹ್ನ ನನ್ನನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಫಕೀರವ್ವನ ಅಂಗಳಕ್ಕೇ ಹೋದಳು. ಅಲ್ಲಿ ಹೆಂಗಸರು ಕೌದಿ ಹೊಲಿಯಲು ಕೂಡುತ್ತಿದ್ದರು. ಫಕೀರವ್ವ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ದ್ಯಾಮವ್ವ ನನ್ನನ್ನು ಹಾಸಿ, ಸೂಜಿ ಹಿಡಿದು ಕುಳಿತಳು. ಆ ದಿನ ಮದುವೆಯ ಸುದ್ದಿ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಹೀಗೆ ತಿಂಗಳು ಕಳೆಯಿತು. ಆಮೇಲೆ ಒಂದು ದಿನ ತನ್ನ ಮೊದಲ ಹೆರಿಗೆಯ ಕತೆ ಹೇಳಿದಳು, ಯಾರಿಗೂ ಬುದ್ಧಿ ಹೇಳದೆ, ಸುಮ್ಮನೆ ಆದದ್ದನ್ನು ಆದಂತೆ. ಹೊಲಿಗೆ ನಿಂತಿತು. ಪಕ್ಕದಲ್ಲಿದ್ದವಳು ತನ್ನದನ್ನು ಹೇಳಿದಳು. ಅವಳ ಬೆನ್ನಿಗೆ ಇನ್ನೊಬ್ಬಳು. ಒಬ್ಬೊಬ್ಬರ ಒಡಲಲ್ಲೂ ಒಂದೊಂದು ಹೆಸರಿಲ್ಲದ ಕೂಸು ಇತ್ತು. ಫಕೀರವ್ವ ಮಾತ್ರ ತಲೆ ಎತ್ತಲಿಲ್ಲ.

ಮರುವರ್ಷ ಸಾವಂತ್ರಿ ಹೆರಿಗೆಗೆಂದು ತವರಿಗೆ ಬಂದಳು. ಅವಳು ಬದುಕಿದ್ದೇ ಹೆಚ್ಚು; ಮಗು ಹೋಯಿತು. ಹದಿನೈದು ದಿನ ಫಕೀರವ್ವ ಹೊರಗೆ ಬರಲಿಲ್ಲ. ಬಂದ ದಿನ ದ್ಯಾಮವ್ವನ ಎದುರು ಕುಳಿತು ಕೇಳಿದಳು, "ನೀ ಅವತ್ತ ಪೊಲೀಸರಿಗೆ ಹೇಳಿದ್ದಿ. ಈಗ ಯಾಕ ಸುಮ್ಮನಿದ್ದಿ?"

"ಹೇಳೂದು ಏನೈತಿ ಯವ್ವಾ," ಎಂದಳು ದ್ಯಾಮವ್ವ. "ನಾ ಒಬ್ಬಾಕಿ ಹೇಳಿದ್ರ ಜಗಳ ಆಕ್ಕೈತಿ. ನೀನೂ ಹೇಳಿದ್ರ ಊರು ಕೇಳತೈತಿ."

ಹುಡುಗಿಯರನ್ನು ಬೇಗ ಮದುವೆ ಮಾಡುವುದು ಯಾಕೆ ಎಂದು ಹೆಂಗಸರು ಅಂದು ಬಾಯಿಬಿಟ್ಟು ಮಾತಾಡಿದರು. ಹೈಸ್ಕೂಲು ಇದ್ದದ್ದು ಮೂರು ಕಿಲೋಮೀಟರ್ ಆಚೆ. ನಡುವೆ ಹಳ್ಳ, ಜಾಲಿಯ ಪೊದೆ. ದೊಡ್ಡವಳಾದ ಹುಡುಗಿಯನ್ನು ಆ ದಾರಿಗೆ ಬಿಡಲು ಎದೆಗಾರಿಕೆ ಯಾರಿಗೂ ಇರಲಿಲ್ಲ. ಮನೆಯಲ್ಲಿ ಕೂರಿಸಿದರೆ ಊರ ಬಾಯಿ. ಅದಕ್ಕೇ ಮದುವೆ. ಇದನ್ನು ಕೇಳಿದ ಮೇಲೆ ದ್ಯಾಮವ್ವನಿಗೆ ತನ್ನ ತಪ್ಪು ತಿಳಿಯಿತು. ತಾನು ಮದುವೆ ನಿಲ್ಲಿಸಲು ಹೋಗಿದ್ದಳು, ದಾರಿಯ ಭಯ ಇದ್ದಲ್ಲೇ ಇತ್ತು.

ಹೆಂಗಸರು ಸರದಿ ಗೊತ್ತುಮಾಡಿಕೊಂಡರು. ದಿನಕ್ಕೆ ಇಬ್ಬರು ಅಜ್ಜಿಯರು ಹುಡುಗಿಯರ ಜೊತೆ ಹೋಗುವುದು, ಸಂಜೆ ಕರೆತರುವುದು. ಮೊದಲ ಸೋಮವಾರ ಕೋಲೂರಿಕೊಂಡು ಹೊರಟವಳು ಫಕೀರವ್ವ. ಸಾವಂತ್ರಿಯ ತಂಗಿ ಗೌರವ್ವ ಅವಳ ಮುಂದೆ ಪಾಟಿಚೀಲ ಹಿಡಿದು ನಡೆದಳು. ಗಂಡಸರು ಕಟ್ಟೆಯ ಮೇಲೆ ಕುಳಿತು ನಕ್ಕರು. ಅಜ್ಜಿಯರು ಮಳೆಗಾಲದಲ್ಲೂ ತಪ್ಪಿಸದಿದ್ದಾಗ ನಗು ನಿಂತಿತು. ಮೂರನೆಯ ವರ್ಷ ಗಂಡಸರೇ ಸೇರಿ ಜಾಲಿ ಕಡಿದು ದಾರಿ ಅಗಲ ಮಾಡಿದರು.

ಗೌರವ್ವನನ್ನು ನೋಡಲು ಬೀಗರು ಬಂದಾಗ ಅವಳಿಗೆ ಹದಿನೈದು. ಅವರು ನನ್ನ ಮೇಲೆಯೇ ಕುಳಿತಿದ್ದರು. ಸಂಬಂಧ ಒಳ್ಳೆಯದು, ಬಿಟ್ಟರೆ ಸಿಗಲಿಕ್ಕಿಲ್ಲ ಎಂದು ಹುಡುಗಿಯ ಅಪ್ಪ ಚಡಪಡಿಸುತ್ತಿದ್ದ. ಫಕೀರವ್ವ ಮಗನನ್ನು ಕೈಸನ್ನೆಯಲ್ಲೇ ಸುಮ್ಮನಿರಿಸಿ ಬೀಗರಿಗೆ ಹೇಳಿದಳು:

"ಹುಡುಗಿ ಮ್ಯಾಟ್ರಿಕ್ ಮುಗಸ್ತಾಳ. ಹದಿನೆಂಟು ತುಂಬಲಿ, ಆಮ್ಯಾಲೆ ಬರ್ರಿ. ಅವಸರ ಇದ್ರ ಬ್ಯಾರೆ ಮನಿ ನೋಡ್ರಿ. ನಾ ಒಂದು ಸಲ ಅವಸರ ಮಾಡೀನಿ."

ಬೀಗರು ಅವಲಕ್ಕಿ ತಿಂದು ಎದ್ದುಹೋದರು. ದ್ಯಾಮವ್ವ ಬಾಗಿಲ ಹಿಂದೆ ನಿಂತಿದ್ದಳು. ಒಂದು ಮಾತೂ ಆಡಬೇಕಾಗಲಿಲ್ಲ.

ಮುಂದೆ ಹತ್ತು ವರ್ಷ ಹೆಂಗಸರ ಕೂಟ ನಡೆದಲ್ಲೆಲ್ಲ ನಾನು ಅಂಗಳದಿಂದ ಅಂಗಳಕ್ಕೆ ಅಲೆದೆ. ಪತ್ರಿಕೆಯವರು ದ್ಯಾಮವ್ವನ ಫೋಟೋ ಕೇಳಿಕೊಂಡು ಬಂದಾಗ ಅವಳು ಅಜ್ಜಿಯರನ್ನು ಮುಂದೆ ಕೂರಿಸಿ ತಾನು ಒಲೆಯ ಕಡೆ ಹೋದಳು. ನಾಚಿಕೆಯಿಂದಲ್ಲ. ತನ್ನ ಹೆಸರಿಗೆ ಅಂಟಿಕೊಂಡ ಕೆಲಸ ತಾನು ಸತ್ತ ದಿನವೇ ಸಾಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಒಂದು ಗುರುವಾರ ದ್ಯಾಮವ್ವ ಗದಗಿಗೆ ಆಸ್ಪತ್ರೆಗೆ ಹೋಗಿದ್ದಳು. ಬಸ್ಸು ಕೆಟ್ಟು ತಡವಾಯಿತು. ಬೆವರು ಒರೆಸಿಕೊಳ್ಳುತ್ತ ಅವಳು ಕೂಟದ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಹೆಂಗಸರು ನನ್ನ ಮೇಲೆ ತುಂಬಿ ಕುಳಿತಿದ್ದರು. ನಡುವೆ, ಆ ಹೆರಿಗೆಯ ಮೇಲೆ ತವರಲ್ಲೇ ಉಳಿದಿದ್ದ ಸಾವಂತ್ರಿ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಶೌಚಾಲಯ ಬೇಕೆಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿ ಆಗಿತ್ತು. ದ್ಯಾಮವ್ವನಿಗೆ ಅದೊಂದು ಯೋಚನೆಯೇ ಬಂದಿರಲಿಲ್ಲ.

"ನನಗ ಕಾಯಲಿಲ್ಲಲ್ಲ?" ಎಂದಳು.

"ನಿನ್ನ ಬಸ್ಸು ತಡಾ ಆದ್ರ ಕೆಲಸ ಯಾಕ ತಡಾ ಆಗಬೇಕು ದೊಡ್ಡವ್ವ?" ಎಂದಳು ಸಾವಂತ್ರಿ.

ದ್ಯಾಮವ್ವ ನನ್ನ ತುದಿಯಲ್ಲಿ, ಚಪ್ಪಲಿಗಳ ಪಕ್ಕ, ಸಿಕ್ಕಷ್ಟು ಜಾಗದಲ್ಲಿ ಕುಳಿತಳು. ಅವಳ ಅಂಗೈ ನನ್ನ ಮೇಲೆ ಊರಿಕೊಂಡಿತ್ತು. ಮುಖ ನೋಡಿದೆ, ನಗುತ್ತಿದ್ದಳು.

ಈಗ ನನ್ನ ಬಣ್ಣ ಮಾಸಿದೆ, ಒಂದು ಮಗ್ಗುಲು ಹರಿದಿದೆ. ಹೊಸ ಚಾಪೆಗಳು ಬಂದಿವೆ. ಓಣಿಯ ಮಕ್ಕಳು ಎಂದೋ ಮರಳಿದ ಅಂಗನವಾಡಿಯಲ್ಲಿ, ಮಧ್ಯಾಹ್ನ ಅವರನ್ನು ಮಲಗಿಸಲು ಮಾತ್ರ ನನ್ನನ್ನು ಹಾಸುತ್ತಾರೆ. ದ್ಯಾಮವ್ವ ಇತ್ತ ಬರುವುದು ಅಪರೂಪ, ಮಂಡಿ ನೋವು. ಆದರೂ ಬೆಳಿಗ್ಗೆ ಎಂಟೂವರೆಗೆ ಕಿಟಕಿಯಾಚೆ ಹುಡುಗಿಯರು ಗುಂಪಾಗಿ ನಡೆದು ಹೋಗುವ ಸದ್ದು ಕೇಳುತ್ತದೆ. ಅವರ ಹಿಂದೆ ಈಗ ಯಾವ ಅಜ್ಜಿಯೂ ಇರುವುದಿಲ್ಲ. ಮೊದಲು ಆ ದಾರಿಯಲ್ಲಿ ಯಾರು ಕೋಲೂರಿ ನಡೆದರೆಂದು ಅವರಿಗೆ ಗೊತ್ತಿಲ್ಲ. ಜೋರಾಗಿ ಮಾತಾಡಿಕೊಂಡು ಹೋಗುತ್ತಾರೆ.