ಡುಮ್ಮನ ಹಲಗೆ

ನಲವತ್ತು ವರ್ಷ ಮರ ಕೊಯ್ಯುವ ಯಂತ್ರದ ಪಕ್ಕ ನಿಂತ ಬಡಗಿ ನಾನು. ನನ್ನ ಎಡಗಿವಿ ಕೈಕೊಟ್ಟು ಬಹಳ ಕಾಲವಾಯಿತು. ಹೇಳಿಕೊಳ್ಳಲು ನಾಚಿಕೆಯಾಗಿ ಹತ್ತು ವರ್ಷ ಎಲ್ಲದಕ್ಕೂ ‘ಹೂಂ’ ಎಂದು ತಲೆಯಾಡಿಸಿದೆ. ಮಂಚ ಕೇಳಿದವರಿಗೆ ಬೆಂಚು ಮಾಡಿಕೊಟ್ಟು ಉಗಿಸಿಕೊಂಡದ್ದೂ ಇದೆ. ಹಾಗಾಗಿ ಆ ಮನೆಯ ಅತ್ತೆಯ ಗುಟ್ಟು ನನಗೆ ಅರ್ಧ ಗಂಟೆಯಲ್ಲೇ ಗೊತ್ತಾಯಿತು.

ನನ್ನನ್ನು ಕರೆಸಿದ್ದು ಸೊಸೆ. ಅತ್ತೆಯ ಕೋಣೆಯ ಬಾಗಿಲನ್ನು ನಾಯಿ ಡುಮ್ಮ ಹೊರಗಿನಿಂದ ಕೆರೆದು ಕೆರೆದು ಹಾಳುಗೆಡವಿತ್ತು. ಬಣ್ಣ ಹೋಗಿ, ಸಿಬಿರೆದ್ದು, ಒಂದು ಕಡೆ ಬೆರಳು ತೂರುವಷ್ಟು ಹಳ್ಳ ಬಿದ್ದಿತ್ತು. ಡುಮ್ಮನನ್ನು ಹಿತ್ತಲಲ್ಲಿ ಕಟ್ಟಿದ್ದರು.

“ಇದನ್ನ ಸರಿ ಮಾಡ್ಕೊಡಿ. ನಾಳೆ ಆ ಶನೀನ ನಮ್ಮಣ್ಣನ ಮನೆಗೆ ಸಾಗಹಾಕ್ತೀನಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ನಮ್ಮತ್ತೇನೂ ಅಷ್ಟೇ. ಹತ್ತು ಸಲ ಕರೆದ್ರೂ ಓ ಅನ್ನಲ್ಲ. ಬರೀ ಜಂಬ,” ಎಂದಳು. ದನಿ ತಗ್ಗಿಸುವ ಅಗತ್ಯವೇ ಇರಲಿಲ್ಲ.

ಒಳಗೆ ಹೋದಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

“ಅಮ್ಮಾ, ಮಂಚ ಸ್ವಲ್ಪ ಸರಿಸ್ಲಾ?”

ಅವರು ಅರ್ಧ ತಿರುಗಿ, “ಬೇಡಪ್ಪ, ಕಾಫಿ ಈಗಷ್ಟೇ ಕುಡಿದೆ,” ಎಂದರು.

ನಗು ಬಂತು, ಹಿಂದೆಯೇ ನಾನು ಮಾಡಿಕೊಟ್ಟ ಬೆಂಚು ನೆನಪಾಯಿತು. ಎದುರಿಗೆ ಕೂತು, ತುಟಿ ಕಾಣುವ ಹಾಗೆ ಕೇಳಿದೆ: “ಎಷ್ಟು ದಿನದಿಂದ?”

ಅವರು ತಲೆ ತಗ್ಗಿಸಿದರು. “ಎರಡು ವರ್ಷ ಆಯ್ತು. ಎದುರಿಗಿದ್ರೆ ತುಟಿ ನೋಡಿ ತಿಳ್ಕೋತೀನಿ. ಹೊರಗಿಂದ ಕರೆದ್ರೆ ಡುಮ್ಮ ಬಂದು ಬಾಗಿಲು ಕೆರೀತಾನೆ, ಮಂಚ ನಡುಗುತ್ತೆ.” ಮಂಚದ ಕಾಲು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡಿತ್ತು. “ಅವನು ಹೋದ್ರೆ ನಾನು ಸಿಕ್ಕಿಬೀಳ್ತೀನಿ. ಕಿವುಡಿ ಅಂತ ಗೊತ್ತಾದ್ರೆ ಮೂಲೆಗೆ ಹಾಕ್ತಾರೆ. ನೀನು ಬಾಯಿ ಬಿಡಬೇಡಪ್ಪ.”

ಬಿಡಲ್ಲ ಎಂದೆ. ಅಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ನಾನು ಪಟ್ಟ ಪಾಡನ್ನು ಇವರೂ ಯಾಕೆ ಪಡಬೇಕು?

ಸಿಬಿರು ಕೆತ್ತಿ ತೆಗೆದೆ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಹಳ್ಳಕ್ಕೆ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿದೆ. ಅದರ ಮೇಲೆ ಮೊಳದೆತ್ತರದ ಗಟ್ಟಿ ಹಲಗೆಯೊಂದನ್ನು ನಾಲ್ಕೇ ಸ್ಕ್ರೂಗಳಲ್ಲಿ ಕೂರಿಸಿದೆ. ಕೆರೆದು ಸವೆಸಿದರೆ ಹಲಗೆ ಬದಲಿಸಿದರಾಯಿತು. ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟೆ. ಜನ್ಮದಲ್ಲಿ ಬೇಕೆಂದೇ ಸಡಿಲ ಕೆಲಸ ಮಾಡಿದ್ದು ಅದೊಂದೇ.

ಸೊಸೆ ಬಂದು ನೋಡಿದಳು. “ಅತ್ತೇ, ಬನ್ನಿ, ಬಾಗಿಲು ಹೇಗಾಗಿದೆ ನೋಡಿ,” ಎಂದು ಮುಚ್ಚಿದ ಬಾಗಿಲ ಮುಂದೆ ನಿಂತು ಮೂರು ಸಲ ಕರೆದಳು. ಒಳಗಿನಿಂದ ಉತ್ತರವಿಲ್ಲ. “ನೋಡಿದ್ರಾ ಜಂಬ?”

“ಅದಿರ್ಲಿ ತಾಯಿ. ಹಲಗೆ ತಡೆಯುತ್ತಾ ಅಂತ ನೀವೇ ಒಂದ್ಸಲ ಕೆರೆದು ನೋಡಿ.”

ಅವಳು ಕುಕ್ಕರುಗಾಲಲ್ಲಿ ಕೂತು ಪರಪರ ಕೆರೆದಳು. ಹಲಗೆ ಗಡಗಡ ಅಂದಿತು, ಚೌಕಟ್ಟು ಅದುರಿತು. ಒಳಗೆ ಮಂಚ ಕಿರುಗುಟ್ಟಿತು, ಬಾಗಿಲು ತೆರೆಯಿತು.

“ಬಂದೆ ಕಣೋ ಡುಮ್ಮ, ಯಾರು ಕರೀತಿದಾರೆ?” ಎನ್ನುತ್ತ ಅತ್ತೆ ಅಭ್ಯಾಸಬಲದಿಂದ, ನೋಡದೆಯೇ ಬಗ್ಗಿ ಕೈ ಚಾಚಿದರು. ಕೈ ಸೊಸೆಯ ತಲೆಯ ಮೇಲೆ ಬಿತ್ತು.

ಸೊಸೆ ಕೂತಲ್ಲಿಂದ ಏಳಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಅಂದದ್ದೆಲ್ಲ ನೆನಪಾಯಿತೋ ಏನೋ, ಅವಳ ಕಣ್ಣು ತುಂಬಿ ಬಂತು.

ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಬಾಯಿ ಬಿಟ್ಟದ್ದು ಬಾಗಿಲು.

“ನಾನೇ ಅತ್ತೆ,” ಎಂದಳು ಸೊಸೆ, ತುಟಿ ಕಾಣುವ ಹಾಗೆ, ಒಂದೊಂದೇ ಅಕ್ಷರ. ಆಮೇಲೆ ನನ್ನ ಕಡೆ ತಿರುಗದೆಯೇ, “ಹಿತ್ತಲಿಗೆ ಹೋಗಿ ಡುಮ್ಮನ ಹಗ್ಗ ಬಿಚ್ಚಿಬಿಡಿ,” ಎಂದಳು.