ಒಂಬತ್ತನೇ ಮಹಡಿಯ ಮಂಚ

"ಚಪ್ಪಲಿ ಎಲ್ಲಿ ಬಿಡ್ಲೇ?" ಎಂದು ತಾಯಿ ಹೊಸ್ತಿಲಲ್ಲೇ ನಿಂತಳು.

"ಕೈಯಲ್ಲಿ ಹಿಡ್ಕೋ. ಹೊರಗೆ ಬಿಟ್ರೆ ಮನೇಲಿ ಜನ ಇದ್ದಾರೆ ಅಂತ ಗೊತ್ತಾಗುತ್ತೆ," ಎಂದಳು ಮಗಳು.

ಆ ಮನೆಯಲ್ಲಿ ಜನ ಇರಬಾರದು; ಮಗಳಿಗೆ ಸಂಬಳ ಬರುವುದೇ ಅದಕ್ಕೆ. ಒಂಬತ್ತನೇ ಮಹಡಿಯ ಮನೆಗಳನ್ನು ಕೊಂಡವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಕಿಟಕಿ ತೆರೆದು ಗಾಳಿಯಾಡಿಸುವುದು, ಪೈಪು ತುಕ್ಕು ಹಿಡಿಯದಂತೆ ನಲ್ಲಿಗಳನ್ನು ಒಂದಿಷ್ಟು ಹೊತ್ತು ಸುಮ್ಮನೆ ಹರಿಯಬಿಡುವುದು, ಯಾರೂ ಮಲಗದ ಹಾಸಿಗೆಯ ಧೂಳು ಕೊಡವುವುದು ಅವಳ ಕೆಲಸ. ಅವಳ ಸಂಸಾರವೋ ಒಂದೇ ಕೋಣೆಯದು. ಗಂಡ, ಮಕ್ಕಳು, ಒಲೆ, ಟ್ರಂಕು, ಇವಕ್ಕೆಲ್ಲ ಕೊಟ್ಟು ಮಿಕ್ಕ ಜಾಗ ತಾಯಿಯದು. ಮುದುಡಿ ಮಲಗಿ ಮಲಗಿ ಅವಳ ಕಾಲು ನೆಟ್ಟಗಾಗುವುದನ್ನೇ ಮರೆಯತೊಡಗಿತ್ತು. "ಚಾಚಿ ಮಲಗಿಸಿ, ಇಲ್ದಿದ್ರೆ ಹಾಗೇ ಸೆಟೆದುಹೋಗುತ್ತೆ," ಎಂದಿದ್ದರು ಡಾಕ್ಟರು. ಎಲ್ಲಿ ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

ಮಗಳು ಮೊದಲು ಸೂಪರ್‌ವೈಸರನನ್ನೇ ಕೇಳಿದ್ದಳು. ಮನುಷ್ಯ ಕೆಟ್ಟವನಲ್ಲ. "ಯಾರೂ ಬಳಸಿಲ್ಲ ಅಂತಲೇ ಇದಕ್ಕೆ ರೇಟು ಏರ್ತಿರೋದು ಅಕ್ಕ. ಒಬ್ಬರು ಮಲಗೆದ್ದರೆ ಹಳೇ ಮನೆ ಆಗುತ್ತೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ," ಎಂದು ಕೈಮುಗಿದಿದ್ದ. ಇವತ್ತು ಅವನಿಗೆ ರಜೆ.

ತಾಯಿ ಒಂದೊಂದೇ ಕೋಣೆಗೆ ಇಣುಕಿದಳು. "ಮನೆಯವರು ತೀರಿಕೊಂಡ್ರಾ?"

"ಗುಂಡುಕಲ್ಲಿನ ಹಾಗಿದ್ದಾರೆ. ಅವರಿಗೆ ಬೇರೆ ಮನೆಗಳಿವೆ."

"ಪಾಪ," ಎಂದಳು ತಾಯಿ. "ಒಂದರಲ್ಲೂ ನಿದ್ದೆ ಬರಲ್ವೇನೋ."

ಮಂಚ ಹತ್ತಲು ಒಲ್ಲೆನೆಂದಳು, ಬೈಸಿಕೊಂಡು ಹತ್ತಿದಳು. ಮಗಳು ಮೊಣಕಾಲನ್ನು ನೀವುತ್ತ, ಒತ್ತುತ್ತ, ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ನೋವಿಗೆ ತುಟಿ ಕಚ್ಚಿದ್ದ ತಾಯಿ ಕೊನೆಗೆ ಹೆಬ್ಬೆರಳು ಆಡಿಸಿ ನೋಡಿದಳು. "ಇನ್ನೂ ಗೋಡೆ ಸಿಗಲಿಲ್ವಲ್ಲೇ," ಎಂದು ನಕ್ಕಳು.

"ಸಿಗಲ್ಲ. ಹೀಗೇ ಒಂದು ನಿದ್ದೆ ಮಾಡು. ಪಕ್ಕದ ಮನೆ ಮುಗಿಸಿ ಬರ್ತೀನಿ."

ಪಕ್ಕದ ಮನೆಯಲ್ಲಿ ಅವಳು ಬೇಕೆಂದೇ ತಡಮಾಡಿದಳು. ತಾಯಿ ಎಷ್ಟು ಹೊತ್ತು ಹಾಗೆ ಮಲಗಿದರೆ ಅಷ್ಟು ಲಾಭ.

ಮರಳಿ ಬಂದಾಗ ತಾಯಿ ಗಾಢ ನಿದ್ದೆಯಲ್ಲಿದ್ದಳು. ಮಂಚದ ಒಂದು ತುದಿಗೆ ಸರಿದು, ಗೋಡೆಗೆ ಮುಖ ಮಾಡಿ, ಮಂಡಿಯನ್ನು ಎದೆಗೆ ಅವುಚಿಕೊಂಡಿದ್ದಳು. ಮಗಳು ಪಾದ ಹಿಡಿದು ಮೆಲ್ಲಗೆ ಎಳೆದಳು. ಕಾಲು ಬರಲಿಲ್ಲ.

"ಸರಿದಿದ್ದೀನಿ ಕಣೇ," ಎಂದಳು ತಾಯಿ, ಕಣ್ಣು ಬಿಡದೆ. "ಮಗೂನ ಮಲಗಿಸು."

ಅವಳ ಬೆನ್ನ ಹಿಂದೆ ಹಾಸಿಗೆ ಬೆಳ್ಳಗೆ, ಖಾಲಿಯಾಗಿ, ಕಿಟಕಿಯವರೆಗೆ ಹರಡಿಕೊಂಡಿತ್ತು.