ಚೆಂಡುಹೂವಿನ ಚೀಲ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಯಲ್ಲಿ ನಾನು ಕಾಜಾ, ಗುಂಡಿ ಹಾಕುವವಳು. ಕೈಗೆ ಎಷ್ಟೇ ಕೆಲಸವಿದ್ದರೂ ಕಿವಿಗೆ ಪೂರಾ ಬಿಡುವು. ಹಾಗಾಗಿ ನಮ್ಮ ಮಾಸ್ಟ್ರು ಗಂಗಾಧರಸ್ವಾಮಿಗೂ ಹೊಲಿಗೆಯ ನಾಸಿರಾಳಿಗೂ ನಡೆದ ಜಗಳದಲ್ಲಿ ಒಂದು ಮಾತೂ ನನಗೆ ತಪ್ಪಿಲ್ಲ.

ಜಗಳ ಒಂದು ಚೀಲದ್ದು. ಚೆಂಡುಹೂವು ಕೀಳುವ ಹೆಂಗಸರು ಸೀರೆಯನ್ನೇ ಮಡಿಲು ಕಟ್ಟಿ ಹೂ ತುಂಬಿಕೊಳ್ಳುತ್ತಾರೆ. ಅವರಿಗೆಂದು ನಾಸಿರಾ ಸೊಂಟಕ್ಕೆ ಕಟ್ಟುವ ಚೀಲವೊಂದನ್ನು ಹೊಲಿದಳು. ತಳದಲ್ಲಿ ಒಂದು ಮಡಿಕೆ. ಲಾಡಿ ಎಳೆದರೆ ಮಡಿಕೆ ಬಿಚ್ಚಿ ಹೂವೆಲ್ಲ ಗೋಣಿಚೀಲಕ್ಕೆ ಸುರಿಯುತ್ತದೆ, ಸೊಂಟದ ಗಂಟು ಬಿಚ್ಚಬೇಕಿಲ್ಲ. ಬಾಗಿಲಲ್ಲಿ ತೂಗುಹಾಕಿದ್ದೇ ತಡ, ಹೊಲದವರು ಮುಗಿಬಿದ್ದರು. ಮಾಸ್ಟ್ರು ನಮ್ಮಂಗಡಿ ಐಟಂ ಎಂದು ಮೀಸೆ ತಿರುವಿದರು.

ನಾಸಿರಾ ಆಗ ತಾನೇ ಮನೆಗೊಂದು ಹಳೇ ಮಷೀನು ಕೊಂಡಿದ್ದಳು. ಸಂಜೆ ಹೊತ್ತು ಇದೇ ಚೀಲ ಹೊಲಿದು ಮಾರಿಕೊಳ್ಳಲಾ ಎಂದು ಕೇಳಿದಳು. ಮಾಸ್ಟ್ರು ಮುಖ ಗಂಟಿಕ್ಕಿದರು. ಮಷೀನು ತಮ್ಮದು, ಕರೆಂಟು ತಮ್ಮದು, ಹೊಲಿದದ್ದು ಸಂಬಳದ ಹೊತ್ತಿನಲ್ಲಿ, ಆದ್ದರಿಂದ ಚೀಲ ಅಂಗಡಿಯದು. ಮನೆಯಲ್ಲಿ ಹೊಲಿಯುವುದಾದರೆ ನಾಳೆಯಿಂದ ಇಲ್ಲಿಗೆ ಬರುವುದೇ ಬೇಡ ಎಂದುಬಿಟ್ಟರು. ಸಂಬಳ ಬಿಟ್ಟರೆ ಅವಳ ಮನೆ ನಡೆಯದು. ಚೀಲ ಬಿಟ್ಟುಕೊಡಲು ಮನಸ್ಸು ಒಪ್ಪದು.

ಕತ್ತರಿಸಿ ಉಳಿದ ಚೂರುಬಟ್ಟೆ ಹೊಲಿದವರಿಗೇ ಸೇರಬೇಕು ಎಂಬುದು ಮಾಸ್ಟ್ರ ತಂದೆಯ ಕಾಲದಿಂದ ನಮ್ಮಂಗಡಿಯ ಪದ್ಧತಿ. ಮೊದಲ ಚೀಲವನ್ನು ಅವಳು ಅಂಥ ಚೂರುಗಳನ್ನೇ ಜೋಡಿಸಿ ಹೊಲಿದಿದ್ದಳು. ಆ ಮಾತನ್ನೇ ಹಿಡಿದಳು.

"ಚೂರು ನಂದು ಮಾಸ್ಟ್ರೇ, ತಲೆನೂ ನಂದು. ನಿಮ್ಮ ಮಷೀನು ತಾನಾಗೇ ಯೋಚ್ನೆ ಮಾಡ್ತಾ?"

ಉತ್ತರ ಹೊಳೆಯದಿದ್ದಾಗ ನಮ್ಮ ಮಾಸ್ಟ್ರು ಟೀ ತರಿಸುತ್ತಾರೆ. ಅಂದು ಟೀ ಮೇಲೆ ಟೀ ಬಂತು. ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಚಿಕ್ಕನಿಂಗಮ್ಮ ಬಂದರು. ನಾಸಿರಾಳ ಮನೆ ಪಕ್ಕದ ಹೊಲದಲ್ಲಿ ಹೂ ಕೀಳುವ ವಯಸ್ಸಾದ ಹೆಂಗಸು. ಹರಿದ ಸೀರೆ ಹೊಲಿಸಲು ತಂದಿದ್ದರು. ಬಾಗಿಲಲ್ಲಿದ್ದ ಚೀಲದ ಲಾಡಿ ಎಳೆದು ನೋಡಿದರು, ಮತ್ತೆ ಮಡಿಸಿ ಎಳೆದರು. ಮಡಿಲು ಕಟ್ಟುವಾಗ ತಾವು ಸೆರಗು ಮಡಿಸುವುದೂ ಥೇಟ್ ಹೀಗೇ ಎಂದು ಬೆರಗಾದರು.

ಮಾಸ್ಟ್ರ ಮುಖ ಅರಳಿತು. "ಈಗ ಹೇಳು ನಾಸಿರಾ. ತಲೆ ಯಾರ್ದು?"

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾಸಿರಾ ತನಗೇನೂ ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಸುಳ್ಳೆನ್ನಲು ಸಾಕ್ಷಿ ಯಾರೂ ಇರಲಿಲ್ಲ. ಅವಳು ಮಷೀನಿನ ಚಕ್ರಕ್ಕೆ ಕೈ ಅಡ್ಡಕೊಟ್ಟು ನಿಲ್ಲಿಸಿದಳು.

"ಇವರ್ದೇ. ಬೇಲಿ ಈಚೆ ನಿಂತು ನೋಡಿ ಕಲ್ತೆ. ಲಾಡಿ ಮಾತ್ರ ನಂದು."

ಗೆದ್ದ ಜಗಳವನ್ನು ಕೈಯಾರೆ ಚೆಲ್ಲಿಬಿಟ್ಟಳಲ್ಲ ಎಂದು ನನಗೆ ಬೇಸರವಾಯಿತು. ಹೆಮ್ಮೆಯೂ ಆಯಿತು.

ಚಿಕ್ಕನಿಂಗಮ್ಮ ನಕ್ಕುಬಿಟ್ಟರು. "ನಂದೆಲ್ಲಿ ಬಂತು? ನಮ್ಮತ್ತೆ ಇಂಗೇ ಮಡಿಸ್ತಿದ್ರು. ಅವರ್ಗೆ ಯಾರ್ ಯೋಳ್ಕೊಟ್ಟಿದ್ರೋ. ಅದ್ ಬುಡಿ, ಊರೋರ್ಗೆಲ್ಲ ಹೊಲ್ಕೊಟ್ಟಿದ್ದೀರಿ, ನಂಗೂ ಒಂದ್ ಹೊಲ್ಕೊಡಿ. ಇರೋ ಸೀರೆಲ್ಲ ಹರ್ದೋಗವೆ."

ಮಾಸ್ಟ್ರು ಅವರ ಕೈಯಲ್ಲಿದ್ದ ಸೀರೆಯನ್ನೇ ನೋಡುತ್ತ ಕೂತರು. ಮಡಿಲಿನ ಜಾಗದಲ್ಲಿ ಅದು ಜಾಳುಜಾಳಾಗಿತ್ತು. ಆಮೇಲೆ ಎದ್ದು ಹೊಸ ದಪ್ಪ ಬಟ್ಟೆಯ ಥಾನು ತೆಗೆದು ತಾವೇ ಕತ್ತರಿಸಿದರು. ನಾಸಿರಾಳ ಮುಂದಿಡುವಾಗ ತಲೆ ಎತ್ತಲಿಲ್ಲ.

"ಸಂಜೆ ಮನೇಲೂ ಹೊಲ್ಕೊ, ಇಲ್ಲೂ ಹೊಲಿಯನ. ಬೆಳಿಗ್ಗೆ ಮಾತ್ರ ತಡ ಮಾಡ್ಬ್ಯಾಡ."

ನಾಸಿರಾ ಬಟ್ಟೆಯನ್ನು ಸೂಜಿಯ ಕೆಳಗಿಟ್ಟಳು. ಮಷೀನು ಅಂದು ಓಡಿದ ಹಾಗೆ ಎಂದೂ ಓಡಿರಲಿಲ್ಲ.

ಚಿಕ್ಕನಿಂಗಮ್ಮ ಚೀಲ ಕಟ್ಟಿಕೊಂಡು ಬಾಗಿ ನೋಡಿದರು, ತಿರುಗಿ ನೋಡಿದರು, ಪಕ್ಕದಲ್ಲಿ ಎಲೆಅಡಿಕೆಗೊಂದು ಜೇಬು ಬೇಕು ಎಂದರು. ಮಾಸ್ಟ್ರೂ ನಾಸಿರಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಅದು ಹೊಳೆದಿರಲಿಲ್ಲ. ಜೇಬು ಹೊಲಿದು ಕೊಟ್ಟ ನಾಸಿರಾ, ಇನ್ನು ಮೇಲೆ ಎಲ್ಲ ಚೀಲಕ್ಕೂ ಇದನ್ನು ಇಡಬಹುದಾ ಎಂದು ಕೇಳಿದಳು.

"ಇಡು ಕಣಮ್ಮಿ," ಎಂದರು ಚಿಕ್ಕನಿಂಗಮ್ಮ, ಜೇಬನ್ನು ತಟ್ಟುತ್ತ. "ಯಾರಾರ ಕೇಳುದ್ರೆ ಚಿಕ್ಕನಿಂಗಮ್ಮನ್ದು ಅಂತ ಯೋಳು. ನಮ್ಮತ್ತೆಗೆ ಎಲೆಅಡ್ಕೆ ಅಭ್ಯಾಸ ಇರ್ನಿಲ್ಲ."